ಗೋಡೆಯೂ ಫಲಕದ ಭಾಗವೇ

ಕಟ್ಟಡದ ಮೇಲೆ ಬ್ಯಾಕ್‌ಲಿಟ್ ಅಕ್ಷರಗಳನ್ನು ಹಾಕಿಸಬೇಕೆಂದು ಬರುವವರು ಸಾಮಾನ್ಯವಾಗಿ ಫಾಂಟಿನಿಂದ ಮಾತು ಆರಂಭಿಸುತ್ತಾರೆ. ನಾನು ಮೊದಲು ಗೋಡೆಯನ್ನು ನೋಡಲು ಹೋಗುತ್ತೇನೆ. ಈ ಬಗೆಯ ಅಕ್ಷರದ ಮುಖ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಅಲ್ಯೂಮಿನಿಯಂನದಾಗಿದ್ದು, ಅದರ ಮೂಲಕ ಬೆಳಕು ಹೊರಬರುವುದಿಲ್ಲ. ಟೊಳ್ಳಾದ ಮೈಯೊಳಗೆ ಕೂರಿಸಿದ ಎಲ್‌ಇಡಿಗಳು ಗೋಡೆಯ ಕಡೆಗೆ ಬೆಳಕು ಚೆಲ್ಲುತ್ತವೆ, ಗೋಡೆಯಿಂದ ಮರಳಿದ ಆ ಬೆಳಕು ಅಕ್ಷರದ ಸುತ್ತ ಪ್ರಭಾವಳಿಯಾಗುತ್ತದೆ. ರಾತ್ರಿ ನಾವು ಓದುವುದು ಬೆಳಗಿದ ಗೋಡೆಯ ಮುಂದೆ ಕಪ್ಪಾಗಿ ನಿಂತ ಆಕೃತಿಯನ್ನು.

ಇದು ನನಗೆ ಮನವರಿಕೆಯಾದದ್ದು ಒಂದು ಕೆಲಸ ಕೆಟ್ಟ ಮೇಲೆ. ಹೊಳಪು ಕೊಟ್ಟ ಕಪ್ಪು ಗ್ರಾನೈಟಿನ ಮೇಲೆ ನಾವು ಕೂರಿಸಿದ ಅಕ್ಷರಗಳು ಹಗಲಿನಲ್ಲಿ ಬಹಳ ಚೆನ್ನಾಗಿದ್ದವು. ಕತ್ತಲಾದ ಮೇಲೆ ಸ್ವಿಚ್ ಹಾಕಿದರೆ, ಕಲ್ಲು ಕನ್ನಡಿಯಂತಾಗಿ ಒಂದೊಂದು ಎಲ್‌ಇಡಿಯ ಚುಕ್ಕಿಯನ್ನೂ, ಅವುಗಳ ನಡುವಿನ ವೈರನ್ನೂ ತೋರಿಸಿತು. ಕೊನೆಗೆ ಅಕ್ಷರಗಳನ್ನೆಲ್ಲ ಬಿಚ್ಚಿ, ಹೊಳಪಿಲ್ಲದ ತಿಳಿಬಣ್ಣದ ಹಲಗೆಯೊಂದನ್ನು ಹಿಂದೆ ಕೊಟ್ಟು ಮತ್ತೆ ಜೋಡಿಸಬೇಕಾಯಿತು.

ಗೋಡೆಯ ನಂತರ ನಿರ್ಧರಿಸಬೇಕಾದದ್ದು ಅಂತರ. ಸ್ಪೇಸರ್, ಅಂದರೆ ಗೋಡೆಗೂ ಅಕ್ಷರಕ್ಕೂ ನಡುವೆ ಇಡುವ ಸಣ್ಣ ಆಧಾರದ ತುಂಡು, ಕೊಟ್ಟು ಅಕ್ಷರವನ್ನು ಗೋಡೆಯಿಂದ ಸುಮಾರು 25ರಿಂದ 50 ಮಿಲಿಮೀಟರ್ ಮುಂದಕ್ಕೆ ನಿಲ್ಲಿಸುವುದು ವಾಡಿಕೆ. ತೀರಾ ಹತ್ತಿರವಾದರೆ ಬೆಳಕು ಅಂಚಿನಲ್ಲಿ ತೆಳುಗೆರೆಯಾಗಿ ಉಳಿಯುತ್ತದೆ. ತೀರಾ ದೂರವಾದರೆ ಹರಡಿ ಮಂಕಾಗುವುದಲ್ಲದೆ, ಪಕ್ಕದಿಂದ ನೋಡುವವರಿಗೆ ಅಕ್ಷರದ ಒಳಭಾಗವೂ ಕಾಣುತ್ತದೆ.

ಕನ್ನಡದ ಅಕ್ಷರಗಳಿಗೆ ಇನ್ನಷ್ಟು ಎಚ್ಚರಿಕೆ ಬೇಕು. ಮುಖ್ಯಾಕ್ಷರದಲ್ಲಿ ಎಲ್‌ಇಡಿ ಮಾಡ್ಯೂಲ್ ಸಲೀಸಾಗಿ ಕೂತರೂ ಒತ್ತಕ್ಷರದ ಕಿರಿದಾದ ಮೈಯಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಒತ್ತುಗಳು ಬೆಳಗದೇ ಹೋದರೆ ‘ಆಸ್ಪತ್ರೆ’ ಎಂಬುದು ದೂರದಿಂದ ‘ಆಸತೆ’ ಎಂದು ಕಂಡೀತು. ಹಾಗಾಗಿ ನಾನು ಪದದ ಅತಿ ತೆಳುವಾದ ಒತ್ತಿನ ದಪ್ಪವನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕಂತೆ ಇಡೀ ಬರಹದ ಅಳತೆಯನ್ನು ಹಿಗ್ಗಿಸುತ್ತೇನೆ. ಓದುವ ದೂರದ ಪ್ರತಿ 3 ಮೀಟರಿಗೆ 25 ಮಿಲಿಮೀಟರ್ ಎತ್ತರ ಎಂಬ ರೂಢಿಯ ಲೆಕ್ಕವನ್ನೂ ಒತ್ತುಗಳನ್ನು ಬಿಟ್ಟು, ಮುಖ್ಯಾಕ್ಷರಕ್ಕೆ ಮಾತ್ರ ಅನ್ವಯಿಸುವುದು ನನ್ನ ಪದ್ಧತಿ.

ವಿದ್ಯುತ್ತಿನ ವಿಷಯದಲ್ಲಿ ಎರಡೇ ಮಾತು. 12 ವೋಲ್ಟಿನ ವೈರು ಉದ್ದವಾದಷ್ಟೂ ಕೊನೆಯ ಅಕ್ಷರಗಳು ಮಂಕಾಗುತ್ತವೆ. ಮುಖ್ಯ ವಿದ್ಯುತ್ತನ್ನು ಆ 12 ವೋಲ್ಟಿಗೆ ಇಳಿಸಿಕೊಡುವ ಪವರ್ ಸಪ್ಲೈ ಏಣಿಯಿಲ್ಲದೆ ಕೈಗೆ ಸಿಗುವ ಜಾಗದಲ್ಲಿರಬೇಕು. ಮಳೆಗೆ ಒಡ್ಡಿಕೊಂಡ ಅಕ್ಷರಗಳಾದರೆ ತಳದಲ್ಲಿ ನೀರು ಇಳಿಯಲು ಸಣ್ಣ ತೂತು ಬಿಡಿಸಿ.

ಎಲ್ಲಕ್ಕಿಂತ ಮೊದಲು ಒಂದೇ ಒಂದು ಅಕ್ಷರವನ್ನು ಮಾಡಿಸಿ ನೋಡುವಂತೆ ಕೇಳಿಕೊಳ್ಳುತ್ತೇನೆ. ಒತ್ತು ಇರುವ, ಅತಿ ಕಷ್ಟದ ಅಕ್ಷರವನ್ನೇ ಆರಿಸಿ, ಕತ್ತಲಾದ ಮೇಲೆ ಅದೇ ಗೋಡೆಗೆ ಹಿಡಿದು, ಸ್ಪೇಸರುಗಳನ್ನು ಬದಲಿಸುತ್ತಾ ರಸ್ತೆಯ ಆಚೆ ಬದಿಯಿಂದ ನೋಡಿ. ಉಳಿದ ಅಕ್ಷರಗಳ ತಗಡನ್ನು ಅಲ್ಲಿಯವರೆಗೆ ಕತ್ತರಿಸಲು ಬಿಡಬೇಡಿ.