ವಾರಕ್ಕೊಂದೇ ದಿನದ ಶಾಲೆ, ಅಮ್ಮಂದಿರೇ ಮೇಷ್ಟ್ರು

ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೇ ಕಳಿಸದೆ ಮನೆಯಲ್ಲೇ ಓದಿಸುತ್ತಾರಂತೆ, ಅದಕ್ಕೆ ಕಾನೂನು ಒಪ್ಪುತ್ತದೆಯೇ ಎಂದು ಊರಿನವರು ಕೇಳುತ್ತಾರೆ. ಐವತ್ತೂ ರಾಜ್ಯಗಳಲ್ಲಿ ಒಪ್ಪುತ್ತದೆ, ನಿಯಮ ಮಾತ್ರ ರಾಜ್ಯಕ್ಕೊಂದು ತೆರ. ರಾಲಿ, ಕ್ಯಾರಿ ಸುತ್ತ ಕನ್ನಡದವರಿರುವ ನಾರ್ತ್ ಕ್ಯಾರೊಲೈನಾದಲ್ಲಿ ಪಾಠ ಹೇಳುವವರು ಹೈಸ್ಕೂಲು ಮುಗಿಸಿರಬೇಕು. ರಾಜ್ಯದ ಕಚೇರಿಯಲ್ಲಿ ನೋಂದಾಯಿಸಿ, ಹಾಜರಿ ಮತ್ತು ಲಸಿಕೆಯ ದಾಖಲೆ ಇಟ್ಟು, ವರ್ಷಕ್ಕೊಮ್ಮೆ ಮಕ್ಕಳಿಂದ ನಿಗದಿತ ಮಾದರಿಯ ಪರೀಕ್ಷೆ ಬರೆಸಬೇಕು. 2013ರ ತಿದ್ದುಪಡಿಯಾದ ಮೇಲೆ ಹೊರಗಿನವರಿಂದ ಪಾಠ ಹೇಳಿಸಲೂ ಅಡ್ಡಿಯಿಲ್ಲ. ಹೀಗೆ ಮನೆಯಲ್ಲೇ ಓದಿಸುವವರು ಒಟ್ಟಾಗಿ ಪಾಠ ಹೇಳಿಕೊಡುವ ಕೋ-ಆಪ್‌ಗಳು ನೆಮ್ಮದಿಯಿಂದ ನಡೆಯುವುದು ಇದರಿಂದಲೇ.

ಕೋ-ಆಪ್ ಎಂದರೆ ಇಂಥ ಇಪ್ಪತ್ತು ಮೂವತ್ತು ಕುಟುಂಬಗಳ ಕೂಟ. ವಾರದಲ್ಲೊಂದು ದಿನ ಚರ್ಚಿನ ಸಂಡೇ ಸ್ಕೂಲ್ ಕೋಣೆಗಳಲ್ಲಿ ಸೇರುತ್ತಾರೆ. ಕ್ರೈಸ್ತ ಕೋ-ಆಪ್‌ಗಳಲ್ಲಿ ಸೇರುವಾಗ ಸಾಮಾನ್ಯವಾಗಿ ಕ್ರೈಸ್ತ ನಂಬಿಕೆಗಳನ್ನು ಒಪ್ಪುತ್ತೇವೆಂಬ ಒಂದು ಹೇಳಿಕೆಗೆ ಸಹಿ ಕೇಳುತ್ತಾರೆ. ಕೆಲವೆಡೆ ಎಲ್ಲ ಪೋಷಕರೂ ಸಹಿ ಹಾಕಬೇಕು, ಕೆಲವೆಡೆ ಪಾಠ ಮಾಡುವವರು ಮಾತ್ರ. ಬೇರೆ ಧರ್ಮದವರು ದುಡ್ಡು ಕಟ್ಟುವ ಮೊದಲೇ ಇದನ್ನು ಓದಿಕೊಳ್ಳುವುದು ಒಳ್ಳೆಯದು. ವಿಜ್ಞಾನಕ್ಕೆ ಯಾವ ಪುಸ್ತಕ ಎಂದೂ ಕೇಳಿ: ಎಷ್ಟೋ ಕಡೆ ಬೈಬಲಿನ ಸೃಷ್ಟಿಯ ಕಥೆಯನ್ನು ಅಕ್ಷರಶಃ ಒಪ್ಪುವ ಪುಸ್ತಕಗಳೇ ಪಠ್ಯ.

ಎಂಟೂವರೆಗೆ ಬಂದವರು ಮೇಜು ಕುರ್ಚಿ ಎಳೆಯುವ ಮೊದಲು ಪ್ರತಿ ಕೋಣೆಯ ಫೋಟೋ ತೆಗೆದಿಡುತ್ತಾರೆ. ಸಂಜೆಗೆ ಅದೇ ಕೋಣೆ ಚರ್ಚಿನವರಿಗೆ ಬೇಕು, ಇದ್ದ ಹಾಗೇ ಬಿಟ್ಟುಕೊಡಬೇಕು. ಜಾಗ ಕೈತಪ್ಪುವುದು ಬಹಳ ಸಲ ಕಾರ್ಪೆಟ್ಟಿನ ಮೇಲೆ ಚೆಲ್ಲಿದ ಬಣ್ಣಕ್ಕೆ, ಗ್ಲಿಟರ್ ಪುಡಿಗೆ. ಹಾಗಾಗಿ ಕ್ರಾಫ್ಟೆಲ್ಲ ಟೈಲ್ಸ್ ಇರುವ ಹಾಲಿನಲ್ಲೇ. ಒಂಬತ್ತಕ್ಕೆ ಎಲ್ಲರೂ ಸೇರಿ ಪ್ರಾರ್ಥನೆ, ಒಂದು ಬೈಬಲ್ ವಚನ, ಅಮೆರಿಕದ ಧ್ವಜಕ್ಕೆ ಪ್ರತಿಜ್ಞೆ. ಹಲವೆಡೆ ಕ್ರೈಸ್ತ ಧ್ವಜಕ್ಕೂ ಪ್ರತಿಜ್ಞೆಯುಂಟು: ಬಿಳಿ ಬಟ್ಟೆ, ಮೂಲೆಯ ನೀಲಿ ಚೌಕದಲ್ಲಿ ಕೆಂಪು ಶಿಲುಬೆ. ಅದಾದ ಮೇಲೆ ಸುಮಾರು 55 ನಿಮಿಷದ ಮೂರು ಪೀರಿಯಡ್. ಊಟದ ನಂತರ ಉಳಿಯುವವರು ಹೆಚ್ಚಾಗಿ ಹೈಸ್ಕೂಲು ವಯಸ್ಸಿನ ಮಕ್ಕಳೇ.

ಮಕ್ಕಳನ್ನು ಬಿಟ್ಟು ಹೋಗುವ ಹಾಗಿಲ್ಲ. ತಾಯಿ ಒಂದು ಪೀರಿಯಡ್ ಪಾಠ ಮಾಡಿದರೆ ಇನ್ನೊಂದರಲ್ಲಿ ಬೇರೊಬ್ಬರಿಗೆ ಸಹಾಯಕಿ, ಮೂರನೆಯದರಲ್ಲಿ ಕೂಸುಗಳ ಕೋಣೆ ಅಥವಾ ಬದಲಿ ಸರದಿ. ಮಕ್ಕಳ ಸುರಕ್ಷತೆಗಾಗಿ ಪ್ರತಿ ಕೋಣೆಯಲ್ಲಿ ಇಬ್ಬರು ದೊಡ್ಡವರು, ಅದೂ ಒಂದೇ ಮನೆಯವರಲ್ಲ, ಇರಬೇಕೆಂಬುದು ಬಹುತೇಕ ಕಡೆ ಕಟ್ಟುನಿಟ್ಟು. ಇಡೀ ವ್ಯವಸ್ಥೆ ಜಗ್ಗುವುದೂ ಇಲ್ಲೇ. ಒಂದು ಮಗುವಿಗೆ ಜ್ವರ ಬಂದರೆ ಅಮ್ಮ ಬರುವುದಿಲ್ಲ, ಅಮ್ಮ ಬಾರದಿದ್ದರೆ ಮೂರು ಪೀರಿಯಡ್‌ನಲ್ಲೂ ಒಂದೊಂದು ಜಾಗ ಖಾಲಿ. ಜ್ವರ ಬಿಟ್ಟು 24 ಗಂಟೆ ಕಳೆಯುವವರೆಗೆ ಬರಬಾರದೆಂಬ ನಿಯಮವೂ ಇರುವುದರಿಂದ ಫ್ಲೂ ಕಾಲದಲ್ಲಿ ಪರದಾಟ. ಪಳಗಿದ ಕೋ-ಆಪ್‌ಗಳು ಪ್ರತಿ ಪೀರಿಯಡ್‌ಗೆ ಇಬ್ಬರನ್ನಾದರೂ ಬದಲಿಗೆಂದೇ ಇಟ್ಟಿರುತ್ತವೆ. ಬದಲಿಯವರು ಪಾಠ ಮುಂದುವರಿಸಲು ಅದರ ಟಿಪ್ಪಣಿ ಹಿಂದಿನ ದಿನವೇ ಇಮೇಲ್‌ನಲ್ಲಿ ಬಂದಿರಬೇಕು.

ಗಣಿತವನ್ನು ಸಾಮಾನ್ಯವಾಗಿ ಇಲ್ಲಿ ಹೇಳಿಕೊಡುವುದಿಲ್ಲ. ಅದಕ್ಕೆ ದಿನದಿನದ ಅಭ್ಯಾಸ ಬೇಕು, ಒಂದೇ ವಯಸ್ಸಿನ ಮಕ್ಕಳೂ ಬೇರೆ ಬೇರೆ ಹಂತದಲ್ಲಿರುತ್ತಾರೆ. ಗುಂಪಿಲ್ಲದೆ ಆಗದವು ಇಲ್ಲಿಗೆ: ಗಾಯನ, ನಾಟಕ, ಚರ್ಚಾಸ್ಪರ್ಧೆ, ಪ್ರಬಂಧ, ಪ್ರಯೋಗ. ಕಪ್ಪೆ ಕೊಯ್ಯುವ ದಿನ ಇಬ್ಬರಿಗೊಂದು ಕಪ್ಪೆ, ಒಂದು ಟ್ರೇ, ಪಿನ್ನು, ಕತ್ತರಿ, ಚಿಮಟ, ಕೈಗವಸು, ಕಣ್ಣು ಕಾಯುವ ಕನ್ನಡಕ. ಕೆಡದಂತೆ ಇಟ್ಟ ದ್ರವದ ವಾಸನೆ ಘಾಟು. ಮೊದಲೇ ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದು, ಕಿಟಕಿ ತೆರೆದಿಟ್ಟು, ಊಟದ ಹಾಲಿನಿಂದ ದೂರದ ಕೋಣೆಯಲ್ಲಿ ಕೊಯ್ಯಬೇಕು. ಕತ್ತರಿಯನ್ನು ಆಳಕ್ಕಿಳಿಸಿದರೆ ಒಳಗಿನ ಅಂಗವೇ ತುಂಡಾಗುತ್ತದೆ: ಚರ್ಮ ಮೊದಲು, ಸ್ನಾಯು ಆಮೇಲೆ, ತುದಿ ಮೇಲ್ಮುಖವಾಗಿರಲಿ.

ಕೋ-ಆಪ್ ಶಾಲೆಯಲ್ಲ, ಸರ್ಟಿಫಿಕೇಟು ಕೊಡುವುದಿಲ್ಲ. ಇಲ್ಲಿನ ಅಂಕ ಪೋಷಕರಿಗೆ ಬರೀ ಸಲಹೆ. ಕಾಲೇಜಿಗೆ ಕಳಿಸುವ ಅಂಕಪಟ್ಟಿ ತಯಾರಿಸುವವರು, ಸಹಿ ಹಾಕುವವರು ತಂದೆತಾಯಿಯೇ. ಆದ್ದರಿಂದ ಒಂಬತ್ತನೇ ತರಗತಿಯಿಂದಲೇ ಪ್ರತಿ ವಿಷಯದ ಪಾಠಪಟ್ಟಿ, ಪುಸ್ತಕದ ಹೆಸರು, ಪ್ರಯೋಗದ ವರದಿ ಒಂದು ಫೈಲಿಗೆ ಹೋಗುತ್ತಿರಬೇಕು. ಹನ್ನೆರಡನೇ ತರಗತಿಯಲ್ಲಿ ಹುಡುಕಲು ಕೂತರೆ ಆ ವಿಷಯ ಕಲಿಸಿದ ಅಮ್ಮ ಬೇರೆ ರಾಜ್ಯಕ್ಕೆ ಮನೆ ಬದಲಾಯಿಸಿರಬಹುದು.