ಮಾಂಡವಿಯಲ್ಲಿ ಒಂಟಿ ಕಯಾಕ್: ಮೊದಲ ದಿನ ಗಂಜೆಯಿಂದ ಇಳಿತದ ಜೊತೆಗೆ

ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಗೋವಾದ ಮಾಂಡವಿ. ಫೋಂಡಾ, ಸಾಂಖಳಿ, ವಾಸ್ಕೊ ಕಡೆ ನೆಲೆಸಿದ ಕನ್ನಡಿಗರು ಹೊಳೆಯ ಮೇಲ್ಭಾಗದ ಗಂಜೆ ಊರಿನಲ್ಲಿ ದೋಣಿ ಇಳಿಸಿ ಎರಡು ಮೂರು ದಿನದಲ್ಲಿ ಪಣಜಿ ಮುಟ್ಟುವ ಯೋಚನೆಯಲ್ಲಿದ್ದರೆ ಮೊದಲು ತಿಥಿ ನೋಡಿ. ಮಳೆಗಾಲ ಕಳೆದ ಮೇಲೆ ಗಂಜೆಯಿಂದ ಕೆಳಗಿನ ನೀರು ಸಮುದ್ರದ ಮಾತು ಕೇಳುತ್ತದೆ. ಭರತದ, ಅಂದರೆ ಕಡಲು ಉಬ್ಬುವ ಹೊತ್ತಿಗೆ ಹೊಳೆ ಹಿಂದಕ್ಕೇ ಹರಿಯುತ್ತದೆ.

ಬೆಳದಿಂಗಳಿಗೆ ಮರುಳಾಗಿ ಹುಣ್ಣಿಮೆ ಆರಿಸಿಕೊಂಡರೆ ಕೆಲಸ ಕೆಡುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಪಣಜಿಯ ಭರತ ಮಧ್ಯಾಹ್ನದ ಆಸುಪಾಸು ಬರುತ್ತದೆ. ಅದು ಗಂಜೆಗೆ ಮುಟ್ಟಲು ಇನ್ನೂ ಎರಡು ಗಂಟೆಯಷ್ಟು ತಡ. ಅಂದರೆ ಬೆಳಗಿನ ತಂಪು ಹೊತ್ತೆಲ್ಲ ಎದುರು ನೀರು. ಅದು ತಿರುಗುವಷ್ಟರಲ್ಲಿ ಪಶ್ಚಿಮದಿಂದ ಕಡಲ ಗಾಳಿ ಮುಖಕ್ಕೇ ಬೀಸತೊಡಗುತ್ತದೆ. ಅಷ್ಟಮಿ, ನವಮಿ ಲೇಸು. ಆಗ ಪಣಜಿಯ ಭರತ ನಸುಕಿನ ಐದರ ಹೊತ್ತಿಗೆ, ಗಂಜೆಯಲ್ಲಿ ಏಳರ ಹೊತ್ತಿಗೆ. ಇಳಿತ ಶುರುವಾದೊಡನೆ ಹೊರಟರೆ ಮಧ್ಯಾಹ್ನದವರೆಗೆ ನೀರೇ ನಿಮ್ಮನ್ನು ಒಯ್ಯುತ್ತದೆ. ಸೆಳೆತ ಹುಣ್ಣಿಮೆಯಷ್ಟು ಜೋರಿಲ್ಲ, ಒಂಟಿಯಾಗಿ ಹೊರಟವರಿಗೆ ಅದೂ ಅನುಕೂಲವೇ. ದಿನದ ಎರಡು ಭರತಗಳ ಎತ್ತರ ಒಂದೇ ಇರುವುದಿಲ್ಲವಾದ್ದರಿಂದ ಮುರಗಾಂವ ಬಂದರಿನ ಭರತ-ಇಳಿತದ ಪಟ್ಟಿಯನ್ನು ಆ ದಿನಕ್ಕೇ ನೋಡಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ.

ಸಾಮಾನು 25 ಕಿಲೋ ದಾಟಬಾರದು, ಅದರಲ್ಲಿ 5 ಲೀಟರ್ ಕುಡಿಯುವ ನೀರು. ಕೆಳಗೆ ಹೋದಂತೆ ಹೊಳೆಯ ನೀರು ಉಪ್ಪು, ಕಾಯಿಸಿದರೂ ಕುಡಿಯಲಾಗದು. ಡ್ರೈ ಬ್ಯಾಗನ್ನು (ನೀರು ಒಳಹೋಗದ ಚೀಲ) ಮೊಣಕಾಲಿನಿಂದ ಒತ್ತಿ ಗಾಳಿ ತೆಗೆದು, ಬಾಯಿಯ ಪಟ್ಟಿಯನ್ನು ಮೂರು ಸುತ್ತು ಸುತ್ತಿ ಬಕಲ್ ಹಾಕಿ. ಒಂದೇ ಸುತ್ತು ಹಾಕಿದ ಚೀಲ ಅರ್ಧ ಗಂಟೆ ನೀರಲ್ಲಿ ಕೂತರೆ ಹಾಸಿಗೆ ಒದ್ದೆ. ಭಾರದ್ದೆಲ್ಲ ಸೀಟಿನ ಹಿಂದೆ, ಮುಂದೆ, ತಳಕ್ಕೆ ತಾಗಿ ಇರಲಿ. ತುಂಬಿದ ಮೇಲೆ ನೀವು ಕೂತಿದ್ದಾಗ ದಡದಲ್ಲಿದ್ದವರೊಬ್ಬರು ಪಕ್ಕದಿಂದ ನೋಡಲಿ: ಮೂತಿ ಮುಳುಗಿದ್ದರೆ ದೋಣಿ ಗಾಳಿಯತ್ತ ತಿರುಗುತ್ತಲೇ ಇರುತ್ತದೆ, ಹಿಂಬದಿ ಮುಳುಗಿದ್ದರೆ ಗಾಳಿಗೆ ಬೆನ್ನು ಕೊಡುತ್ತದೆ. ಎರಡರಲ್ಲೂ ದಿನವಿಡೀ ಒಂದೇ ಭುಜಕ್ಕೆ ಕೆಲಸ.

ಲೈಫ್ ಜಾಕೆಟ್ ತೊಟ್ಟು ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಿರಿ. ಕಿವಿ ಮುಟ್ಟಿದರೆ ಸಡಿಲ. ಮಗುಚಿದ ದೋಣಿಗೆ ಮತ್ತೆ ಹತ್ತುವುದನ್ನು ಸಾಮಾನು ಕಟ್ಟಿಕೊಂಡೇ ಮೊದಲು ಅಭ್ಯಾಸ ಮಾಡಿ. ಖಾಲಿ ದೋಣಿಯಲ್ಲಿ ಕಲಿತದ್ದು ತುಂಬಿದ ದೋಣಿಯಲ್ಲಿ ಕೈಕೊಡುತ್ತದೆ. ಎಲ್ಲಿ ಇಳಿಯುತ್ತೀರಿ, ಎಷ್ಟು ಗಂಟೆಯೊಳಗೆ ಫೋನ್ ಬಾರದಿದ್ದರೆ 112ಕ್ಕೆ ಕರೆ ಮಾಡಬೇಕು ಎಂಬುದನ್ನು ಮನೆಯವರ ಕೈಗೆ ಬರೆದು ಕೊಡಿ.

ತುಂಬಿದ ದೋಣಿಗೆ ಗಂಟೆಗೆ 4 ಕಿಲೋಮೀಟರ್ ಲೆಕ್ಕ ಹಿಡಿಯಿರಿ. ಮೊದಲ ದಿನ 15 ಕಿಲೋಮೀಟರ್ ಸಾಕು, ಅದನ್ನೂ ತಿರುವು ತಿರುವಾಗಿ ನಕ್ಷೆಯಲ್ಲಿ ಅಳೆದು. ಹುಟ್ಟನ್ನು ಬಿಗಿಹಿಡಿದರೆ ಹತ್ತು ಗಂಟೆಗೇ ಹೆಬ್ಬೆರಳ ಬುಡದಲ್ಲಿ ಬೊಬ್ಬೆ. ಬೆರಳು ಸಡಿಲ ಬಿಟ್ಟು ಸೊಂಟ ತಿರುಗಿಸಿ ಎಳೆಯಿರಿ. ಹೊಳೆಗೆ ಅಡ್ಡ ಕಟ್ಟಿದ ಬಂಧಾರ (ಕಿರು ಒಡ್ಡು) ಕಂಡರೆ ಹಾಯಬೇಡಿ, ಕೆಳಗಿನ ಸುಳಿ ದೋಣಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ದೋಣಿ ಹೊತ್ತು ದಾಟಿಸಿ.

ಕೆಳಗಡೆ ಅದಿರಿನ ಬಾರ್ಜ್ ಎದುರಾಗಬಹುದು. ಅದಕ್ಕೆ ಥಟ್ಟನೆ ನಿಲ್ಲಲಾಗದು, ಚಾಲಕನಿಗೆ ನೀವು ಕಾಣುವುದೂ ಅನುಮಾನ. ಆಳದ ದಾರಿ ಬಿಟ್ಟು ಸರಿದು, ಅಲೆ ಬಂದಾಗ ಮೂತಿಯನ್ನು ಅದರತ್ತ ತಿರುಗಿಸಿ. ಆದರೆ ದಡಕ್ಕೆ ತೀರಾ ಅಂಟಬೇಡಿ, ತೆಳು ನೀರಲ್ಲಿ ಅಲೆ ಮುರಿದು ಬೀಳುತ್ತದೆ. ಫೆರಿ ದಾಟುತ್ತಿದ್ದರೆ ಅದರ ಹಿಂದಿನಿಂದ ಹೋಗಿ.

ಮೊಸಳೆಗಳ ವಿಷಯದಲ್ಲಿ ಸಡಿಲು ಬೇಡ. ಕುಂಭಾರಜುವೆ ಕಾಲುವೆ ಅವಕ್ಕೆ ಹೆಸರಾದದ್ದು. ಅದು ಇನ್ನೂ ಕೆಳಗಿದ್ದರೂ ಇಳಿತದಲ್ಲಿ ಬಯಲಾಗುವ ಕೆಸರು ದಂಡೆ ಎಲ್ಲಿದ್ದರೂ ದೂರವಿರಿ, ನೀರಲ್ಲಿ ಕೈ ಇಳಿಬಿಡಬೇಡಿ, ಮುಸ್ಸಂಜೆಗೆ ನೀರಂಚಿಗೆ ಹೋಗಬೇಡಿ.

ಇಳಿಯಲು ಫೆರಿ ಧಕ್ಕೆಯ ಕಾಂಕ್ರೀಟ್ ಇಳಿಜಾರೇ ಒಳ್ಳೆಯದು. ಬೇರೆಡೆ ಮೊಣಕಾಲುದ್ದ ಕೆಸರು, ಅದರಡಿ ಬ್ಲೇಡಿನಂಥ ಕಲ್ವ (ಸಿಂಪಿ) ಚಿಪ್ಪು. ಹಿಮ್ಮಡಿ ಕಟ್ಟುವ ಚಪ್ಪಲಿ ಇಲ್ಲದೆ ಕಾಲಿಡಬೇಡಿ. ದಂಡೆಯ ಮೇಲೆ ಹಿಂದಿನ ಭರತ ಬಿಟ್ಟುಹೋದ ಕಸದ ಗೆರೆ ಕಾಣುತ್ತದೆ. ದೋಣಿಯನ್ನು ಅದಕ್ಕಿಂತ ಸಾಕಷ್ಟು ಮೇಲಕ್ಕೆ ಎಳೆದು ಮರಕ್ಕೆ ಕಟ್ಟಿ. ಮರುದಿನದ ಭರತ ಸುಮಾರು 50 ನಿಮಿಷ ತಡ, ಅಲಾರಂ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.