ಅನುಕಂಪದ ಆಧಾರದ ಮೇಲೆ

ಅಪ್ಪ ತೀರಿಕೊಂಡಾಗ ಬಂದವರೆಲ್ಲ ಹೇಳಿದ್ದು ಒಂದೇ ಮಾತು, 'ಪಾಪ'. 13 ದಿನವೂ ಅದನ್ನೇ ಕೇಳಿದೆ. ನಮ್ಮ ಭಾಷೆಯಲ್ಲಿ ಮಾಡಬಾರದ್ದನ್ನು ಮಾಡಿದರೂ ಪಾಪ, ಆಗಬಾರದ್ದು ಆದವರೂ ಪಾಪ. ಅಂದವರ ಮನಸ್ಸು ಒಳ್ಳೆಯದೇ. ಆದರೂ ಕೇಳಿದಾಗಲೆಲ್ಲ ಒಂದು ಮೆಟ್ಟಿಲು ಕೆಳಗೆ ನಿಂತ ಹಾಗಾಗುತ್ತಿತ್ತು.

ಅಪ್ಪ ಸರ್ಕಾರಿ ಡ್ರೈವರ್. ನೌಕರಿಯಲ್ಲಿದ್ದಾಗಲೇ ಹೋದವರ ಮನೆಯಲ್ಲಿ ಒಬ್ಬರಿಗೆ ಕೆಲಸ ಕೊಡಲು 1996ರ ನಿಯಮವಿದೆ. ಅರ್ಜಿಗೆ ಒಂದೇ ವರ್ಷದ ಗಡುವು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಜೊತೆಗೆ ಮನೆಯ ಉಳಿದವರ ಒಪ್ಪಿಗೆ ಬೇಕು. ಅಣ್ಣ 'ನನ್ನ ತಕರಾರಿಲ್ಲ' ಅಂತ ಸಹಿ ಹಾಕಿ ತೋಟಕ್ಕೆ ಹೋದವನು ಕತ್ತಲಾದ ಮೇಲೆ ಬಂದ. ಅವನಿಗೂ ಆಗ ಕೆಲಸ ಇರಲಿಲ್ಲ. ಅವನು ಮಾಡಿದ್ದಕ್ಕೆ ಏನು ಹೆಸರು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ.

ಮಳೆಗಾಲ. ತೀರ್ಥಹಳ್ಳಿಯಲ್ಲಿ ಬಸ್ ಹತ್ತಿ ನಾನು, ಅಮ್ಮ ಶಿವಮೊಗ್ಗಕ್ಕೆ ಹೊರಟೆವು. ಕಾಗದಗಳೆಲ್ಲ ಪ್ಲಾಸ್ಟಿಕ್ ಕೊಟ್ಟೆಯಲ್ಲಿ. ಮಂಡಗದ್ದೆ ಹತ್ತಿರ ತುಂಗೆ ಕೆಂಪಗೆ ಹರಿಯುತ್ತಿತ್ತು. ಹೊಳೆ ನಡುವಿನ ಮರಗಳ ತುಂಬ ಹಕ್ಕಿಗಳು. ಅಮ್ಮ ಆ ಕಡೆ ನೋಡಲೇ ಇಲ್ಲ.

ಕಚೇರಿಯಲ್ಲಿ ಒಬ್ಬರು ಕೇಳಿದರು, "ಅನುಕಂಪದ ಕೇಸಾ? ಆ ಟೇಬಲ್."

ಆ ಟೇಬಲ್ಲಿನಲ್ಲಿ ವಯಸ್ಸಾದ ಮೇಡಂ ಒಬ್ಬರಿದ್ದರು. ಅಪ್ಪ ಹೇಗೆ ಹೋದರು ಅಂತ ಕೇಳಲಿಲ್ಲ. ಅಯ್ಯೋ ಅನ್ನಲಿಲ್ಲ. ಕಾಗದ ಜೋಡಿಸಿ, ಸಹಿ ಹಾಕುವ ಜಾಗ ತೋರಿಸಿದರು. ಅಮ್ಮ ಪೆನ್ನು ಹಿಡಿದಳು. ಕೈ ನಡುಗತೊಡಗಿತು, ಕಾಗದ ಜಾರಿತು. ಮೇಡಂ ಎದ್ದು ಈ ಕಡೆ ಬಂದು, ಒಂದು ಕೈಯಲ್ಲಿ ಕಾಗದ ಒತ್ತಿ ಹಿಡಿದು, ಇನ್ನೊಂದರಲ್ಲಿ ಅಮ್ಮನ ಮಣಿಕಟ್ಟು ಹಿಡಿದರು.

"ನಿಧಾನಕ್ಕೆ ಹಾಕಿ ಅಮ್ಮ. ಆತುರ ಏನಿಲ್ಲ."

ಅಮ್ಮನ ನಡುಕಕ್ಕೆ ಅವರ ಗಾಜಿನ ಬಳೆ ಮೇಜಿಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು.

ಕೆಲಸ ಸಿಕ್ಕಿತು. 'ಅನುಕಂಪದಲ್ಲಿ ಬಂದವಳು' ಅನ್ನುವ ಮಾತೂ ಜೊತೆಗೇ ಬಂತು. ಅದು ಚುಚ್ಚುತ್ತಿತ್ತು. ಒಂದು ದಿನ ಸುಮ್ನೆ ನಿಘಂಟು ತೆಗೆದು ನೋಡಿದೆ. ಕಂಪ ಅಂದರೆ ನಡುಕ. ಅನುಕಂಪ ಅಂದರೆ ಇನ್ನೊಬ್ಬರ ಜೊತೆ ನಡುಗುವುದು! ದಯೆ ಹಾಗಲ್ಲ. ಗಲ್ಲು ಶಿಕ್ಷೆಯಾದವರು ರಾಷ್ಟ್ರಪತಿಗೆ ಕೊಡುವುದು ದಯಾ ಅರ್ಜಿ. ಕೊಡದೆಯೂ ಇರಬಹುದಾದವರು ಕೊಟ್ಟರೆ ಅದು ದಯೆ. ಕನಿಕರವಂತೂ ಬಸ್ಸಿನ ಕಿಟಕಿಯಿಂದ ನೋಡಿದರೂ ಹುಟ್ಟುತ್ತೆ, ಅಲ್ವಾ? ಜೊತೆಗೆ ನಡುಗಬೇಕಾದರೆ ಪಕ್ಕಕ್ಕೇ ಬಂದು ನಿಲ್ಲಬೇಕು. ಆವತ್ತಿನಿಂದ ಆ ಪದ ನನ್ನನ್ನು ಚುಚ್ಚಿಲ್ಲ.

ಅಮ್ಮನ ಸಹಿ ಆವತ್ತು ಗೆರೆ ಬಿಟ್ಟು ಮೇಲೆ ಹೋಗಿತ್ತು. ಅವಳು ಗಾಬರಿಯಾಗಿ, "ಇನ್ನೊಂದು ಸಲ ಹಾಕ್ಲಾ?" ಅಂದಳು.

ಮೇಡಂ ನೋಡಿದರು. "ಬೇಡ, ಇದೇ ಇರಲಿ" ಅಂದು ಸೀಲು ಒತ್ತಿದರು.